ಮ್ಯೂಸಿಕ್ ವಿಡಿಯೊ: ಕುಣಿಯುವವನ ಹಿಂದೆ ಏನಿದೆ, ನೋಡಿ

ಮೊದಲ ಸಲ ನೋಡುವಾಗ ಪೆನ್ನು ಹಿಡಿಯಬೇಡಿ. ಸುಮ್ನೆ ನೋಡಿ. ಎರಡನೇ ಸಲ ಧ್ವನಿ ಪೂರ್ತಿ ಬಂದ್ ಮಾಡಿ ನೋಡಿ. ವಿಡಿಯೊ ವಿಶ್ಲೇಷಣೆ ಶುರುವಾಗುವುದೇ ಇಲ್ಲಿ.

ಅಭ್ಯಾಸಕ್ಕೆ ಅಮೆರಿಕದ ರ‍್ಯಾಪ್ ಗಾಯಕ ಚೈಲ್ಡಿಶ್ ಗ್ಯಾಂಬಿನೊ ಹಾಡಿ ಕುಣಿದಿರುವ ‘ದಿಸ್ ಈಸ್ ಅಮೆರಿಕ’ ತೆಗೆದುಕೊಳ್ಳಿ. 2018ರದು, ನಿರ್ದೇಶಕ ಹಿರೊ ಮುರಾಯ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ವಿಡಿಯೊ ನನಗಂತೂ ಗೊತ್ತಿಲ್ಲ.

ಈಗ ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ಕಣ್ಣಿಗೆ ಕಂಡದ್ದಷ್ಟೇ, ಬಲಗಡೆ ಅದರ ಅರ್ಥ. ಕಂಡದ್ದನ್ನೂ ಅರ್ಥವನ್ನೂ ಹೀಗೆ ಬಿಡಿಸಿ ನೋಡಲು ಕಲಿಸಿದವರು ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್. ಮುಖಕ್ಕೆ ಚೀಲ ಹಾಕಿದ ಗಿಟಾರ್ ವಾದಕನಿಗೆ ಗುಂಡು ಬೀಳುತ್ತದೆ. ಪಿಸ್ತೂಲನ್ನು ಕೆಂಪು ಬಟ್ಟೆಯಲ್ಲಿ ಜೋಪಾನವಾಗಿ ತೆಗೆದುಕೊಳ್ಳುತ್ತಾರೆ. ಹೆಣವನ್ನು ಮಾತ್ರ ನೆಲದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಎಡಗಡೆ ಇಷ್ಟೇ ಬರೆಯಿರಿ. ಜೀವಕ್ಕಿಂತ ಬಂದೂಕಿಗೇ ಮರ್ಯಾದೆ ಜಾಸ್ತಿ ಎನ್ನುವುದು ಬಲಗಡೆಗೆ ಬರಬೇಕಾದ ಮಾತು. ಅವಸರದಲ್ಲಿ ಎರಡನ್ನೂ ಕಲಸಿದರೆ ಸಾಕ್ಷಿ ಯಾವುದು, ನಮ್ಮ ಊಹೆ ಯಾವುದು ಎಂದೇ ಗೊತ್ತಾಗುವುದಿಲ್ಲ.

ಇನ್ನು ಧ್ವನಿ ಹಾಕಿ. ಗುಂಡು ಹಾರಿದ ಕ್ಷಣವೇ ಹಗುರಾದ ರಾಗ ಹೋಗಿ ಭಾರವಾದ ಬೀಟ್ ಬರುತ್ತದೆ. ಚಿತ್ರ ಹಾಡನ್ನು ಹಾಗೇ ತೋರಿಸುತ್ತಿದೆಯೇ, ಹಿಗ್ಗಿಸುತ್ತಿದೆಯೇ, ಇಲ್ಲಾ ಅದಕ್ಕೆ ಎದುರು ನಿಂತಿದೆಯೇ? 1992ರಲ್ಲಿ ಆಂಡ್ರ್ಯೂ ಗುಡ್ವಿನ್ ಮ್ಯೂಸಿಕ್ ವಿಡಿಯೊಗಳ ಬಗ್ಗೆ ಬರೆದ ಪುಸ್ತಕದಿಂದ ಬಂದ ಪ್ರಶ್ನೆ ಇದು.

ಆಮೇಲೆ ಕ್ಯಾಮೆರಾ ಯಾರ ಕಣ್ಣಾಗಿದೆ ಎಂದು ಕೇಳಿ. ಸಿನಿಮಾ ಹೆಣ್ಣನ್ನು ಗಂಡಿನ ಕಣ್ಣಿನಿಂದ ತೋರಿಸುತ್ತದೆ ಎಂದು ಬ್ರಿಟನ್ನಿನ ಸಿನಿಮಾ ವಿಮರ್ಶಕಿ ಲಾರಾ ಮಲ್ವಿ 1975ರಲ್ಲೇ ಬರೆದರು. ನಮ್ಮ ಐಟಂ ಸಾಂಗ್‌ಗಳಿಗೆ ಆ ಮಾತು ನೇರವಾಗಿ ಹೊಂದುತ್ತದೆ, ಅಲ್ವಾ? ಇಲ್ಲಿ ಕಣ್ಣು ಸೆಳೆಯುವುದು ಗ್ಯಾಂಬಿನೊ ಮತ್ತು ಸಮವಸ್ತ್ರದ ಮಕ್ಕಳ ಕುಣಿತ. ಪರದೆಯ ನಡುವೆ ಅಂಗೈ ಅಡ್ಡ ಹಿಡಿದು ಅವರನ್ನು ಮುಚ್ಚಿ. ಹಿಂದೆ ಜನ ದಿಕ್ಕಾಪಾಲಾಗಿ ಓಡುತ್ತಿದ್ದಾರೆ, ಬಿಳಿ ಕುದುರೆ ಸವಾರನೊಬ್ಬ ಹಾದು ಹೋಗುತ್ತಾನೆ. ಮೊದಲ ಸಲ ಇದು ನಿಮಗೆ ಕಂಡಿತ್ತೇ? ಕುಣಿತ ನಮ್ಮ ಗಮನವನ್ನು ಹೇಗೆ ಕದ್ದಿತು ಎಂದು ವಿವರವಾಗಿ ಬರೆಯಿರಿ. ನಿಮ್ಮ ಲೇಖನದ ಜೀವ ಅಲ್ಲೇ ಇದೆ.

ಕೊನೆಗೆ ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್. ಮಾಡಿದವರು ಇಟ್ಟ ಅರ್ಥವನ್ನು ನೋಡುವವರು ಒಪ್ಪಬಹುದು, ಅರ್ಧ ಒಪ್ಪಬಹುದು, ತಳ್ಳಿಹಾಕಲೂಬಹುದು ಎಂದರು ಅವರು. ಹಾಡುವ ತಂಡದ ಮೇಲೆ ಗುಂಡು ಹಾರುವ ದೃಶ್ಯ ಕಂಡು ಅನೇಕರಿಗೆ 2015ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಊರಿನ ಕಪ್ಪು ಜನರ ಚರ್ಚಿನಲ್ಲಿ ನಡೆದ 9 ಜನರ ಹತ್ಯೆ ನೆನಪಾಯಿತು. ಕಪ್ಪು ಜನರ ಸಾವನ್ನು ಹೀಗೆ ತಮಾಷೆಯಂತೆ ತೋರಿಸಬಾರದಿತ್ತು ಎಂದವರೂ ಇದ್ದಾರೆ. ನಿಮ್ಮ ಮನೆಯಲ್ಲೇ ಇಬ್ಬರಿಗೆ ವಿಡಿಯೊ ತೋರಿಸಿ, ಏನನ್ನಿಸಿತು ಕೇಳಿ. ಅವರು ಹೇಳಿದ್ದನ್ನು ತಿದ್ದದೆ ಹಾಗೇ ಬರೆದುಕೊಳ್ಳಿ.