ನಮ್ಮೂರ ಕರೆಂಟಿನ ಕಷ್ಟವನ್ನು ಆಯೋಗದ ಮುಂದೆ ಇಡುವುದು ಹೇಗೆ?

ತುಮಕೂರು ಜಿಲ್ಲೆಯ ಪಾವಗಡದಿಂದ ತಿರುಮಣಿ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಯಾನೆಲ್. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಹಣದಲ್ಲಿ ಪಾಲಿಲ್ಲ. ಇಷ್ಟು ಕರೆಂಟು ಹುಟ್ಟುವ ಜಿಲ್ಲೆಯಲ್ಲೇ ಪಂಪಿನ ಕರೆಂಟಿಗೆ ರಾತ್ರಿ ಪಾಳಿ ಬಂದಾಗ ರೈತ ಟಾರ್ಚ್ ಹಿಡಿದು ಬೋರ್‌ವೆಲ್ ಹತ್ತಿರ ಹೋಗಬೇಕು. ಇದು ನ್ಯಾಯ ಅಲ್ಲ.

ಕರೆಂಟಿನ ವಿಷಯ ಕೇಳುವುದಕ್ಕೆ ಒಂದು ಜಾಗ ಇದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರಕ್ಕೂ ಕರೆಂಟು ಕೊಡುವ ಬೆಸ್ಕಾಂ, ದರ ಬದಲಿಸಬೇಕಾದರೆ ಇದರ ಮುಂದೆ ಲೆಕ್ಕ ಇಡಬೇಕು. 2003ರ ವಿದ್ಯುತ್ ಕಾಯ್ದೆಯ 64ನೇ ಕಲಂ ಪ್ರಕಾರ ಆ ಅರ್ಜಿ ಜನರಿಗೆ ಗೊತ್ತಾಗುವಂತೆ ಪ್ರಕಟವಾಗಬೇಕು. ಜನ ಕೊಟ್ಟ ಸಲಹೆ, ಆಕ್ಷೇಪಣೆ ನೋಡಿದ ಮೇಲೆಯೇ ಆಯೋಗ ಆದೇಶ ಮಾಡಬೇಕು. ಕೈಗಾರಿಕೆಗಳ ಸಂಘದವರು ಅಲ್ಲಿಗೆ ತಯಾರಾಗಿ ಬರುತ್ತಾರೆ. ಒಂದೇ ಬೋರ್‌ವೆಲ್ ನಂಬಿದವರು ಬರುವುದು ಕಡಿಮೆ.

ಮೊದಲ ಕೆಲಸ ಬರೆದಿಡುವುದು. ನಮ್ಮ ಪಕ್ಕದ ಹೊಲದ ಅಜ್ಜಿ ಸ್ಟಾರ್ಟರ್ ಡಬ್ಬಿಯ ಪಕ್ಕ ಒಂದು ಕ್ಯಾಲೆಂಡರ್ ನೇತುಹಾಕಿದ್ದರು. ತ್ರೀ ಫೇಸ್ (ಪಂಪಿನ ಮೋಟಾರ್ ಓಡಿಸುವ ಕರೆಂಟು) ಬಂದ ಹೊತ್ತು, ಹೋದ ಹೊತ್ತು, ಎರಡನ್ನೂ ಮೊಮ್ಮಗನ ಕೈಯಲ್ಲಿ ಆಯಾ ತಾರೀಖಿನ ಮನೆಯೊಳಗೇ ಬರೆಸುತ್ತಿದ್ದರು. ಮೋಟಾರ್ ಸುಟ್ಟ ದಿನಕ್ಕೆ ಕೆಂಪು ಸುತ್ತು. ಎರಡು ತಿಂಗಳು ಹೀಗೆ ಬರೆದರೆ ಸಾಕು, "ಏಳು ಗಂಟೆ ಕೊಟ್ಟಿದ್ದೇವಲ್ಲ" ಅಂದವರ ಮುಂದೆ ಇಡುವುದಕ್ಕೆ ನಿಮ್ಮ ಕೈಯಲ್ಲೂ ಒಂದು ಲೆಕ್ಕ ಇರುತ್ತದೆ. ಜೊತೆಗೆ ನಿಮ್ಮ ಕನೆಕ್ಷನ್ನಿನ ಆರ್‌ಆರ್ ನಂಬರ್, ಫೀಡರ್ (ಸಬ್‌ಸ್ಟೇಷನ್ನಿನಿಂದ ನಿಮ್ಮ ಕಡೆ ಬರುವ ಲೈನ್) ಹೆಸರು, ಸಬ್‌ಸ್ಟೇಷನ್ ಹೆಸರು ಬರೆದುಕೊಳ್ಳಿ. ಫೀಡರ್ ಹೆಸರು ಲೈನ್‌ಮನ್ ಅಣ್ಣನನ್ನು ಕೇಳಿದರೆ ಹೇಳುತ್ತಾರೆ.

ಆಮೇಲೆ ಯಾವ ದೂರು ಎಲ್ಲಿಗೆ ಅಂತ ಬೇರೆ ಮಾಡಿ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆಯೋಗದ ತನಕ ಹೋಗಬೇಕಿಲ್ಲ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಎಂಬುದು ಆಯೋಗವೇ ಮಾಡಿದ ನಿಯಮ. ಆಗಲಿಲ್ಲವಾ? ಜಿಲ್ಲೆಯ ಗ್ರಾಹಕರ ಕುಂದುಕೊರತೆ ವೇದಿಕೆಗೆ ಬರೆಯಿರಿ, ಅಲ್ಲೂ ಸರಿಹೋಗದಿದ್ದರೆ ಅದರ ಮೇಲಿನ ಮನವಿ ಕೇಳುವ ಓಂಬುಡ್ಸ್‌ಮನ್. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಇಡೀ ಫೀಡರಿನ ಕಷ್ಟ ಆದರೆ ಆಯೋಗಕ್ಕೆ. ನವೆಂಬರ್ ಕೊನೆಯಿಂದ ಪತ್ರಿಕೆಯಲ್ಲಿ ಬೆಸ್ಕಾಂ ಪ್ರಕಟಣೆ ಬರುತ್ತದಾ ನೋಡುತ್ತಿರಿ. ಕೊನೆ ದಿನ ಯಾವುದು, ಎಷ್ಟು ಪ್ರತಿ ಕೊಡಬೇಕು, ಅಫಿಡವಿಟ್ ಬೇಕಾ, ಎಲ್ಲಾ ಅದರಲ್ಲೇ ಇರುತ್ತದೆ. ಆಕ್ಷೇಪಣೆ ಕನ್ನಡದಲ್ಲೇ ಬರೆಯಿರಿ, ಎರಡು ಪುಟ ಸಾಕು. "ರೈತರಿಗೆ ಅನ್ಯಾಯವಾಗಿದೆ" ಅಂತ ಸುಮ್ನೆ ಬರೆದರೆ ಉತ್ತರವೂ ಹಾಗೇ ತೇಲಿಸಿ ಬರುತ್ತದೆ. ಹೀಗೆ ಬರೆಯಿರಿ: "ನಮ್ಮ ಫೀಡರಿಗೆ ಈ ಎರಡು ತಿಂಗಳಲ್ಲಿ ಇಷ್ಟು ದಿನ ರಾತ್ರಿ ಮಾತ್ರ ತ್ರೀ ಫೇಸ್ ಬಂದಿದೆ, ಲೆಕ್ಕ ಲಗತ್ತಿಸಿದೆ. ಹಗಲು ಪಾಳಿ ಎಲ್ಲಾ ಫೀಡರಿಗೂ ಸಮನಾಗಿ ಹಂಚಬೇಕು. ಯಾವ ಫೀಡರಿಗೆ ಎಷ್ಟು ಗಂಟೆ ಕೊಟ್ಟರು ಎಂಬುದನ್ನು ಪ್ರತಿ ತಿಂಗಳು ಪಂಚಾಯಿತಿಯಲ್ಲಿ ಅಂಟಿಸಲು ಆದೇಶಿಸಬೇಕು." ಏನು ಆಗಬೇಕು ಅನ್ನುವುದು ಒಂದು ಸಾಲಿನಲ್ಲಿ ಸ್ಪಷ್ಟವಾಗಿರಲಿ. ಹತ್ತು ಜನ ಸೇರಿ ಸಹಿ ಮಾಡಿದರೆ ಇನ್ನೂ ಒಳ್ಳೆಯದು, ಅದರಲ್ಲಿ ಹೆಣ್ಣುಮಕ್ಕಳ ಸಹಿಯೂ ಇರಲೇಬೇಕು, ಯಾಕೆಂದರೆ ಬೋರ್‌ವೆಲ್ ಕೆಟ್ಟ ದಿನ ಕೊಡ ಹೊತ್ತುಕೊಂಡು ಅಲೆಯುವುದು ಅವರೇ ಅಲ್ವಾ?

ಮೇವಿನ ಜಾಗದ ವಿಷಯ ಬೇರೆ. ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಗೋಮಾಳ ಹೋಯಿತು, ಕೂಲಿ ಹೋಯಿತು ಅಂತ ಕೆಇಆರ್‌ಸಿಗೆ ಬರೆದರೆ ಅದು ಪರಿಹಾರ ಕೊಡಿಸಲಾರದು. ಸೋಲಾರ್ ಯೋಜನೆಗಳಿಗೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯ ಪರಿಸರ ಅನುಮತಿ ಬೇಕಿಲ್ಲ. ಹಾಗಾಗಿ ಗಣಿಗೋ ದೊಡ್ಡ ಕಾರ್ಖಾನೆಗೋ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲಿ ನಡೆಯುವುದಿಲ್ಲ. ಈಗ ಹಗಲು ಕರೆಂಟು ಕೊಡುವುದಕ್ಕೆಂದು ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಹಾಕುತ್ತಿದ್ದಾರೆ. ರೈತರಿಗೆ ಅದು ಬೇಕು, ನನಗೂ ಬೇಕು. ಆದರೆ ನಿಮ್ಮೂರ ಗೋಮಾಳಕ್ಕೆ ಪ್ಯಾನೆಲ್ ಬರುವ ಮಾತು ಕೇಳಿದ ಕೂಡಲೇ ಗ್ರಾಮಸಭೆಯಲ್ಲಿ ವಿಷಯ ಎತ್ತಿ. ಎಷ್ಟು ಮನೆ, ಎಷ್ಟು ಕುರಿ ಆ ಜಾಗ ನಂಬಿವೆ, ಬದಲಿ ಜಾಗ ಎಲ್ಲಿ, ಕೆಲಸ ಯಾರಿಗೆ ಅಂತ ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಕೊಡಿ. ಬೇಲಿ ಬಿದ್ದ ಮೇಲೆ ಕೇಳಿದರೆ ತಡವಾಗುತ್ತದೆ.

ಆಯೋಗದ ವಿಚಾರಣೆಯಲ್ಲಿ ಮಾತಾಡಬೇಕಿದ್ದರೆ ಆಕ್ಷೇಪಣೆಯಲ್ಲೇ ಹಾಗಂತ ಬರೆಯಿರಿ. ಬೆಂಗಳೂರಿಗೆ ಹೋಗುವಾಗ ಕ್ಯಾಲೆಂಡರಿನ ಮೂಲ ಪ್ರತಿ ಜೊತೆಗಿರಲಿ. ಆದೇಶ ಬಂದ ಮೇಲೆ ನಿಮ್ಮ ಆಕ್ಷೇಪಣೆಗೆ ಬೆಸ್ಕಾಂ ಏನು ಉತ್ತರ ಕೊಟ್ಟಿದೆ, ಆಯೋಗ ಏನು ಹೇಳಿದೆ ಎಂದು ಹುಡುಕಿ ಓದಿ. ಒಂದೇ ಒಂದು ಸಾಲು ನಿಮ್ಮ ಪರವಾಗಿದ್ದರೂ ಆ ಪುಟದ ಜೆರಾಕ್ಸ್ ಮಾಡಿಸಿ, ಮಾರನೇ ದಿನವೇ ಬೆಸ್ಕಾಂ ಸೆಕ್ಷನ್ ಆಫೀಸಿಗೆ ತೆಗೆದುಕೊಂಡು ಹೋಗಿ.