ಅಡ್ಮಿನ್ ಫಾರ್ಮಿನಲ್ಲಿ ಯಾವುದನ್ನು ತುಂಬಿಡಬೇಕು, ಯಾವುದನ್ನು ಖಾಲಿ ಬಿಡಬೇಕು

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಒಂದು ಅಡಿಕೆ ಖರೀದಿ ಅಂಗಡಿಗೆ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಲೆಕ್ಕದ ವ್ಯವಸ್ಥೆ ಮಾಡಿಕೊಟ್ಟಿದ್ದೇನೆ. ಬೇರೆ ಸ್ಕ್ರೀನ್ ಏನೂ ಬರೆದಿಲ್ಲ, ಜ್ಯಾಂಗೋ ಜೊತೆಗೇ ಬರುವ ಅಡ್ಮಿನ್, ಅಂದರೆ ಡೇಟಾ ತುಂಬುವ ಸಿದ್ಧ ಪುಟಗಳು, ಸಾಕಾಯಿತು. ಬೆಳೆಗಾರನ ಹೆಸರು, ತಾರೀಕು, ಶಾಖೆ, ಅಡಿಕೆ ಯಾವುದು, ತೂಕ, ದರ ಇಷ್ಟನ್ನು ಪ್ರತಿ ಸಲ ತುಂಬಬೇಕು. ತಕ್ಕಡಿ ಮುಂದೆ ಸಾಲು ನಿಂತಿರುವಾಗ ಕೌಂಟರಿನವರಿಗೆ ಒಂದೊಂದು ಕ್ಲಿಕ್ಕೂ ಭಾರವೇ. "ಇದೆಲ್ಲ ಅದರಷ್ಟಕ್ಕೇ ಬರೋ ಹಾಗೆ ಮಾಡಿ" ಅಂತ ಅವರೇ ಕೇಳಿದರು.

ನಾನು ಎಲ್ಲವನ್ನೂ ತುಂಬಲಿಲ್ಲ. ತುಂಬಿಟ್ಟ ಬಾಕ್ಸನ್ನು ಯಾರೂ ಓದುವುದಿಲ್ಲ, ಅಲ್ವಾ? ಖಾಲಿ ಇದ್ದರೆ ಮಾತ್ರ ಕಣ್ಣು ಅಲ್ಲಿ ನಿಲ್ಲುತ್ತದೆ. ಹಾಗಾಗಿ ತೂಕಕ್ಕೆ ಡಿಫಾಲ್ಟ್ (ಮೊದಲೇ ತುಂಬಿಟ್ಟ ವ್ಯಾಲ್ಯೂ) ಇಲ್ಲ, ಸೊನ್ನೆಯೂ ಇಲ್ಲ. ಸೊನ್ನೆ ಹಾಕಿಟ್ಟರೆ ಸೊನ್ನೆ ಕಿಲೋ ಅಡಿಕೆ ಸುಮ್ನೆ ಸೇವ್ ಆಗಿ ಹೋಗುತ್ತದೆ. ಖಾಲಿ ಇದ್ದರೆ ಫಾರ್ಮೇ ತಡೆಯುತ್ತದೆ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ ಇವುಗಳ ಆಯ್ಕೆಪಟ್ಟಿಗೂ ಇದೇ ಮಾತು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಡ್ಡಾಯವಾದ ಚಾಯ್ಸಸ್ (ಆಯ್ಕೆಪಟ್ಟಿಯ) ಫೀಲ್ಡಿಗೆ ಮಾಡೆಲ್‌ನಲ್ಲಿ, ಅಂದರೆ ಡೇಟಾಬೇಸಿನ ಟೇಬಲ್ಲನ್ನು ವಿವರಿಸುವ ಕೋಡಿನಲ್ಲಿ, ಡಿಫಾಲ್ಟ್ ಕೊಟ್ಟರೆ, ಪಟ್ಟಿಯ ಮೇಲೆ ಬರುವ ಅಡ್ಡಗೆರೆಗಳ ಖಾಲಿ ಸಾಲನ್ನು ಜ್ಯಾಂಗೋ ತೆಗೆದೇ ಬಿಡುತ್ತದೆ. ಆಮೇಲೆ "ಒಂದನ್ನು ಆರಿಸಿ" ಅಂತ ಒತ್ತಾಯಿಸುವ ದಾರಿಯೇ ಇಲ್ಲ. ಹೊಸತಕ್ಕೂ ಹಳತಕ್ಕೂ ದರ ಬೇರೆ, ಅಲ್ಲಿ ತಪ್ಪಿದರೆ ಬೆಳೆಗಾರನ ದುಡ್ಡು ತಪ್ಪುತ್ತದೆ.

ಇನ್ನು ತುಂಬಿದವುಗಳ ಬಗ್ಗೆ. ಯಾವತ್ತೂ ಬದಲಾಗದ್ದನ್ನು ಮಾತ್ರ ಮಾಡೆಲ್‌ನಲ್ಲಿ ಇಟ್ಟೆ. ಬೆಳೆಗಾರರ ವಿಳಾಸದಲ್ಲಿ ರಾಜ್ಯ ಅಂತ ಒಂದು ಫೀಲ್ಡ್ ಇದೆ. ಕನ್ನಡದ ಫಾರ್ಮ್ ಅಂದ ಕೂಡಲೇ ಎಲ್ಲರೂ ಕರ್ನಾಟಕ ಅಂತ ಹಾಕಿಡುತ್ತಾರೆ, ಆದರೆ ನಾವು 1956ರಿಂದ ಕೇರಳದವರು, ಆದ್ದರಿಂದ ಡಿಫಾಲ್ಟ್ ಕೇರಳ. ಪೆರ್ಲ ದಾಟಿ ಕರ್ನಾಟಕದ ಅಡ್ಯನಡ್ಕ ಕಡೆಯಿಂದ ಬರುವವರಿಗೆ ಮಾತ್ರ ಬದಲಾಯಿಸಿದರೆ ಆಯಿತು. ತಾರೀಕಿಗೆ ಟೈಮ್‌ಝೋನ್ ಡಾಟ್ ಲೋಕಲ್‌ಡೇಟ್ ಕೊಟ್ಟೆ, ಕೊನೆಯಲ್ಲಿ ಆವರಣ ಚಿಹ್ನೆ ಇಲ್ಲದೆ. ಆವರಣ ಹಾಕಿದರೆ ಸರ್ವರ್ ಶುರುವಾದ ದಿನದ ತಾರೀಕೇ ಗಟ್ಟಿಯಾಗಿ ಕೂರುತ್ತದೆ, ಮತ್ತೆ ರೀಸ್ಟಾರ್ಟ್ ಮಾಡುವ ತನಕ ಅಂಗಡಿಯಲ್ಲಿ ದಿನ ಮುಂದಕ್ಕೆ ಹೋಗುವುದೇ ಇಲ್ಲ. ಸೆಟ್ಟಿಂಗ್ಸಿನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತ ಮಾಡಿಕೊಳ್ಳಿ. ಹೊಸ ಪ್ರಾಜೆಕ್ಟಿನಲ್ಲಿ ಅದು ಯುಟಿಸಿ ಆಗಿರುತ್ತದೆ, ಬೆಳಿಗ್ಗೆ ಐದೂವರೆಗೆ ಮೊದಲು ಎಂಟ್ರಿ ಹಾಕಿದರೆ ನಿನ್ನೆಯ ತಾರೀಕು ಬರುತ್ತದೆ.

ಶಾಖೆ ಹಾಗಲ್ಲ, ಲಾಗಿನ್ ಆದವರನ್ನು ನೋಡಿ ಬರಬೇಕು. ಮಾಡೆಲ್‌ಗೆ ರಿಕ್ವೆಸ್ಟ್ (ಬ್ರೌಸರಿನಿಂದ ಬಂದ ಕೋರಿಕೆ, ಲಾಗಿನ್ ಆದವರು ಯಾರು ಅನ್ನುವುದು ಇರುವುದು ಅದರಲ್ಲೇ) ಅಂದರೇನು ಅಂತಲೇ ಗೊತ್ತಿಲ್ಲ. ಅದಕ್ಕೆ ಅಡ್ಮಿನ್ ಪುಟವನ್ನು ನಡೆಸುವ ಮಾಡೆಲ್‌ಅಡ್ಮಿನ್ ಕ್ಲಾಸಿನ ಗೆಟ್_ಚೇಂಜ್‌ಫಾರ್ಮ್_ಇನಿಷಿಯಲ್_ಡೇಟಾ ಮೆಥಡ್ ಬೇಕು. ಜ್ಯಾಂಗೋ 1.7ರಿಂದ ಇದೆ. ಹೆಸರು ಉದ್ದ, ಕೆಲಸ ಸಣ್ಣದು: ಫೀಲ್ಡಿನ ಹೆಸರು ಮತ್ತು ವ್ಯಾಲ್ಯೂ ಇರುವ ಒಂದು ಡಿಕ್ಷನರಿ ವಾಪಸ್ ಕೊಟ್ಟರೆ ಹೊಸ ಎಂಟ್ರಿಯ ಫಾರ್ಮ್ ಅದನ್ನು ತುಂಬಿಕೊಂಡು ಬರುತ್ತದೆ. ಹಳೆ ಎಂಟ್ರಿ ತೆರೆದಾಗ ಇದು ತಲೆ ಹಾಕುವುದಿಲ್ಲ.

ಈ ಮೆಥಡ್ ಮೊದಲಿನಿಂದಲೇ ಒಂದು ಕೆಲಸ ಮಾಡುತ್ತಿದೆ, ಅದನ್ನು ಕೆಡಿಸಬೇಡಿ. ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಹಾಕಿ ಫೀಲ್ಡಿನ ಹೆಸರು, ಸಮ ಚಿಹ್ನೆ, ವ್ಯಾಲ್ಯೂ ಬರೆದರೆ ಅದನ್ನು ಓದಿ ತುಂಬುವುದು ಇದೇ. ನಾನು ಬೆಳೆಗಾರರ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ "ಹೊಸ ತೂಕ" ಅಂತ ಒಂದು ಲಿಂಕ್ ಇಟ್ಟಿದ್ದೇನೆ, ಒತ್ತಿದರೆ ಆ ಬೆಳೆಗಾರನ ಐಡಿ ಸಮೇತ ಖರೀದಿ ಫಾರ್ಮ್ ತೆರೆಯುತ್ತದೆ. ನಮ್ಮ ಕಡೆ ಒಂದೇ ಹೆಸರಿನ ಭಟ್ಟರು, ರೈಗಳು, ಶೆಟ್ಟರು ಎಷ್ಟು ಜನ ಬೇಕು! ಡ್ರಾಪ್‌ಡೌನಿನಲ್ಲಿ ಹುಡುಕುವುದಕ್ಕಿಂತ ಮನೆ ಹೆಸರು ನೋಡಿ ಪಟ್ಟಿಯಲ್ಲೇ ಒತ್ತುವುದು ಸುಲಭ. ಆದ್ದರಿಂದ ಮೆಥಡ್ ಒಳಗೆ ಮೊದಲು ನನ್ನ ಡಿಫಾಲ್ಟ್‌ಗಳು, ಅದರ ಮೇಲೆ ಸೂಪರ್ (ಜ್ಯಾಂಗೋದ ಮೂಲ ಮೆಥಡ್) ಕೊಟ್ಟದ್ದು. ಲಿಂಕಿನಲ್ಲಿ ಬಂದದ್ದೇ ಗೆಲ್ಲಬೇಕು.

ದರ ಮಾತ್ರ ಸ್ವಲ್ಪ ಯೋಚಿಸಿ ಮಾಡಿದ್ದು. ದಿನಕ್ಕೊಂದು ದರ, ಹಾಗಾಗಿ ಮಾಡೆಲ್‌ನಲ್ಲಿ ಇಡುವ ಮಾತೇ ಇಲ್ಲ, ಡಿಫಾಲ್ಟ್ ಬದಲಾಯಿಸಿದಾಗಲೆಲ್ಲ ಮೈಗ್ರೇಶನ್ (ಮಾಡೆಲ್ ಬದಲಾವಣೆಯ ದಾಖಲೆ ಫೈಲ್) ಬೇರೆ ಮಾಡಬೇಕಾಗುತ್ತದೆ. ಎಂಟ್ರಿ ಸೇವ್ ಆಗುವಾಗ ಅಡ್ಮಿನ್ ಕರೆಯುವ ಸೇವ್_ಮಾಡೆಲ್ ಮೆಥಡ್ ಒಳಗೆ, ಈಗ ಹಾಕಿದ ದರವನ್ನೂ ತಾರೀಕನ್ನೂ ಸೆಷನ್‌ನಲ್ಲಿ (ಲಾಗಿನ್ ಆದವರಿಗಾಗಿ ಸರ್ವರ್ ನೆನಪಿಡುವ ಜಾಗ) ಬರೆದಿಡುತ್ತೇನೆ. ಪ್ರತಿ ಬಗೆಯ ಅಡಿಕೆಗೂ ಬೇರೆ ಬೇರೆಯಾಗಿ. ಮುಂದಿನ ಫಾರ್ಮಿನಲ್ಲಿ ಅದು ಬಾಕ್ಸಿನ ಒಳಗಲ್ಲ, ಕೆಳಗೆ "ಇವತ್ತಿನ ಹಿಂದಿನ ದರ" ಅಂತ ಸಣ್ಣ ಅಕ್ಷರದಲ್ಲಿ ಕಾಣುತ್ತದೆ. ತಾರೀಕು ಇವತ್ತಿನದಲ್ಲದಿದ್ದರೆ ಕಾಣುವುದೇ ಇಲ್ಲ. ಸೆಷನ್ ಜೇಸನ್ ಅನ್ನುವ ಪಠ್ಯ ರೂಪದಲ್ಲಿ ಉಳಿಯುವುದರಿಂದ ಡೆಸಿಮಲ್ಲನ್ನು (ದರದ ದಶಮಾಂಶ ಸಂಖ್ಯೆ), ತಾರೀಕನ್ನು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ ಹಾಕಬೇಕು, ಇಲ್ಲದಿದ್ದರೆ ಎರರ್.

ಎಂಟ್ರಿ ಹಾಕಿದವರು ಯಾರು ಅನ್ನುವುದನ್ನು ಫಾರ್ಮಿನಲ್ಲಿ ತೋರಿಸಲೇ ಇಲ್ಲ. ತೋರಿಸಿದರೆ ಬದಲಾಯಿಸಬಹುದು. ಅದೂ ಸೇವ್_ಮಾಡೆಲ್‌ನಲ್ಲೇ, ಹೊಸ ಎಂಟ್ರಿ ಆದರೆ ಮಾತ್ರ ರಿಕ್ವೆಸ್ಟ್‌ನ ಯೂಸರ್.

ಜಾಸ್ತಿ ತಲೆ ತಿಂದದ್ದು ಇನ್‌ಲೈನ್, ಅಂದರೆ ಒಂದು ಫಾರ್ಮಿನ ಒಳಗೇ ಬರುವ ಇನ್ನೊಂದು ಟೇಬಲಿನ ಸಾಲುಗಳು. ಖರೀದಿಯ ಕೆಳಗೆ ಗೋಣಿಯ ಕಳೆತಕ್ಕೆ (ತೂಕದಲ್ಲಿ ಕಳೆಯುವ ಗೋಣಿಯ ಭಾರ) ಒಂದು ಸಾಲು, ಯಾವಾಗಲೂ ಅದೇ ತೂಕ, ಡಿಫಾಲ್ಟ್ ಕೊಟ್ಟರೆ ಯಾರೂ ಮುಟ್ಟಬೇಕಿಲ್ಲ. ಆದರೆ ಯಾರೂ ಮುಟ್ಟದ ಹೆಚ್ಚುವರಿ ಸಾಲನ್ನು ಜ್ಯಾಂಗೋ ಖಾಲಿ ಅಂತಲೇ ತಿಳಿದು ಬಿಟ್ಟುಬಿಡುತ್ತದೆ. ಸ್ಕ್ರೀನಿನಲ್ಲಿ ಕಾಣುತ್ತದೆ, ಡೇಟಾಬೇಸಿನಲ್ಲಿ ಇಲ್ಲ. ಆ ಇನ್‌ಲೈನ್ ಫಾರ್ಮಿನಲ್ಲಿ ಸಾಲು ಬದಲಾಗಿದೆಯೇ ಅಂತ ಹೇಳುವ ಹ್ಯಾಸ್_ಚೇಂಜ್ಡ್ ಮೆಥಡ್, ಸಾಲು ಹೊಸದಾಗಿದ್ದರೆ ಯಾವಾಗಲೂ ಟ್ರೂ ಹೇಳುವ ಹಾಗೆ ಮಾಡಿದೆ. ಅಷ್ಟಕ್ಕೇ ಬಿಟ್ಟರೆ ಹಳೆ ಖರೀದಿ ತೆರೆದು ಸೇವ್ ಮಾಡಿದಾಗಲೆಲ್ಲ ಇನ್ನೊಂದು ಗೋಣಿ ಕಳೆತ ಸೇರುತ್ತದೆ. ಅದಕ್ಕೆ ಎಷ್ಟು ಹೆಚ್ಚುವರಿ ಸಾಲು ತೋರಿಸಬೇಕು ಅಂತ ಹೇಳುವ ಗೆಟ್_ಎಕ್ಸ್‌ಟ್ರಾ ಮೆಥಡ್ಡನ್ನೂ ಬರೆಯಬೇಕು: ಹೊಸ ಖರೀದಿಗೆ ಒಂದು ಸಾಲು, ಹಳೆಯದಕ್ಕೆ ಸೊನ್ನೆ.