ಮಳೆಗಾಲದಲ್ಲಿ ಸಕ್ಕರೆ ಹಾಕದ ಬಾದಾಮಿ ಬಿಸ್ಕತ್ತು

ಸಕ್ಕರೆ ಹಾಕದ ಬಾದಾಮಿ ಬಿಸ್ಕತ್ತಿನಲ್ಲಿ ಸಿಹಿಗಿಂತ ನೀರಿನ ಚಿಂತೆಯೇ ದೊಡ್ಡದೆಂಬುದು ನನಗೆ ತಿಳಿದದ್ದು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ, ಆರಿದ್ರಾ ಮಳೆ ಹಿಡಿದಿದ್ದ ಒಂದು ವಾರದಲ್ಲಿ. ಸಕ್ಕರೆಯ ಬದಲಿಗೆ ಜೋನಿ ಬೆಲ್ಲ (ಅಚ್ಚಾಗದ, ನೀರಾದ ಬೆಲ್ಲ) ಸುರಿದು ಬೇಯಿಸಿದ ಬಿಸ್ಕತ್ತು ಒಲೆಯಿಂದ ಇಳಿಸುವಾಗ ಚೆನ್ನಾಗಿಯೇ ಇತ್ತು. ಮರುದಿನ ಡಬ್ಬ ತೆರೆದರೆ ಒಂದಕ್ಕೊಂದು ಅಂಟಿಕೊಂಡು ಹಲ್ವದ ಮುದ್ದೆಯಾಗಿತ್ತು. ಸಕ್ಕರೆ ಬೇಯುವಾಗ ಕರಗಿ, ಆರುವಾಗ ಗಟ್ಟಿಯಾಗಿ ಬಿಸ್ಕತ್ತನ್ನು ಗರಿಗರಿಯಾಗಿಸುತ್ತದೆ. ಖರ್ಜೂರ, ಜೇನುತುಪ್ಪ, ಜೋನಿ ಬೆಲ್ಲ ಮೂರೂ ತಾವೇ ನೀರನ್ನು ಹೊತ್ತು ತರುತ್ತವೆ, ಬೆಂದ ಮೇಲೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ.

ಈ ಮೂರರಲ್ಲಿ ನಾನು ನೆಚ್ಚಿಕೊಂಡಿರುವುದು ಖರ್ಜೂರವನ್ನು, ಏಕೆಂದರೆ ಅದರ ತಿರುಳು ಹಿಟ್ಟನ್ನು ಹಿಡಿದಿಡುತ್ತದೆ. ಜೇನುತುಪ್ಪ ಹಾಕಿದರೆ ಒಳಗೆ ಒಣಗುವ ಮೊದಲೇ ಅಂಚು ಕೆಂಪಾಗಿಬಿಡುತ್ತದೆ. ಅಲ್ಲದೆ ವರ್ಷ ತುಂಬದ ಮಗುವಿಗೆ ಜೇನನ್ನು ಯಾವ ರೂಪದಲ್ಲೂ ಕೊಡಬಾರದು. ಜೋನಿ ಬೆಲ್ಲ ದೋಸೆಯ ಪಕ್ಕದಲ್ಲಿರುವುದೇ ಚಂದ. ಹಾಕಲೇಬೇಕೆನ್ನುವವರು ಅದನ್ನು ಸಣ್ಣ ಉರಿಯಲ್ಲಿ ಎಳೆ ಪಾಕ ಬರುವವರೆಗೆ ಕುದಿಸಿ, ಬೆಚ್ಚಗಿರುವಾಗಲೇ ಬೆರೆಸಿಕೊಳ್ಳಬೇಕು.

200 ಗ್ರಾಂ ಬಾದಾಮಿಗೆ ಬೀಜ ತೆಗೆದ 100 ಗ್ರಾಂ ಮೆತ್ತನೆಯ ಖರ್ಜೂರ ಸಾಕು. ಬಾದಾಮಿಯನ್ನು ನೆನೆಸಬೇಡಿ, ಸಿಪ್ಪೆಯ ಸಣ್ಣ ಒಗರು ಈ ತಿಂಡಿಗೆ ಒಪ್ಪುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿದ ಮೇಲೆ ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಬೇಕು, ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಪುಡಿಯ ಬದಲು ಮುದ್ದೆಯಾಗುತ್ತದೆ. ಕಮಟು ವಾಸನೆ ಬಂದ ಬಾದಾಮಿಯನ್ನು ಯಾವ ಏಲಕ್ಕಿಯೂ ಉಳಿಸಲಾರದು. ಖರ್ಜೂರವನ್ನು ಎರಡೇ ದೊಡ್ಡ ಚಮಚ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಅದೇ ನೀರಿನೊಂದಿಗೆ ನುಣ್ಣಗೆ ರುಬ್ಬಿ, ಬಾದಾಮಿ ಪುಡಿ, ಮೂರು ದೊಡ್ಡ ಚಮಚ ತುಪ್ಪ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು ಮತ್ತು ಕಾಲು ಸಣ್ಣ ಚಮಚ ಅಡುಗೆ ಸೋಡಾದೊಂದಿಗೆ ಕಲಸಿಕೊಳ್ಳಿ. ಹಿಟ್ಟು ಬಿರಿಯುತ್ತದೆಂದು ಮತ್ತೆ ನೀರು ಚಿಮುಕಿಸುವುದೇ ಎಲ್ಲರೂ ಮಾಡುವ ತಪ್ಪು. ಅಂಗೈಗೆ ತುಪ್ಪ ಸವರಿಕೊಂಡು ಒತ್ತಿದರೆ ಸಾಕು.

ಇದರಲ್ಲಿ ಬೇಯುವಾಗ ಕರಗುವ ಹರಳು ಸಕ್ಕರೆ ಇಲ್ಲದ ಕಾರಣ ಬಿಸ್ಕತ್ತು ತಾನಾಗಿ ಹರಡುವುದಿಲ್ಲ. ಆದ್ದರಿಂದ ಇಪ್ಪತ್ತು ಉಂಡೆಗಳನ್ನು ಮಾಡಿ, ಕಾಲು ಇಂಚು ದಪ್ಪಕ್ಕೆ ನೀವೇ ತಟ್ಟಬೇಕು. ಓವನ್ನಿನಲ್ಲಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ ಬೇಯಿಸಿ, ಓವನ್ ಆಫ್ ಮಾಡಿದ ಮೇಲೆ ಬಾಗಿಲನ್ನು ತುಸು ತೆರೆದು ಇನ್ನು ಹದಿನೈದು ನಿಮಿಷ ಒಳಗೇ ಬಿಟ್ಟರೆ ಉಳಿದ ತೇವ ಹೊರಹೋಗುತ್ತದೆ. ಬಿಸಿಯಲ್ಲಿ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಗಾಬರಿಯಾಗಬೇಡಿ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಒಂದು ಇಂಚು ಕಲ್ಲುಪ್ಪು ಹರಡಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಒಳಗೆ ಸಣ್ಣ ಸ್ಟ್ಯಾಂಡಿನ ಮೇಲೆ ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಬಹುದು. ಆದರೆ ಮುಚ್ಚಳದ ಒಳಬದಿಯಲ್ಲಿ ಕೂರುವ ನೀರನ್ನು ನಡುವೆ ಎರಡು ಬಾರಿ ಒಣಬಟ್ಟೆಯಲ್ಲಿ ಒರೆಸದಿದ್ದರೆ ಹನಿಗಳು ಬಿಸ್ಕತ್ತಿನ ಮೇಲೆ ಉದುರುತ್ತವೆ. ಹಿಂದಿನವರು ಮುಚ್ಚಳದ ಮೇಲೆ ಕೆಂಡವಿಡುತ್ತಿದ್ದುದರಿಂದ ಅವರಿಗೆ ಈ ತಾಪತ್ರಯವಿರಲಿಲ್ಲ.

ಮಧುಮೇಹವಿರುವವರ ಮನೆಯಲ್ಲಿ ಒಂದು ಮಾತನ್ನು ಮರೆಯಬಾರದು. ಖರ್ಜೂರದ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಸಕ್ಕರೆಯೇ. ಈ ಲೆಕ್ಕದಲ್ಲಿ ಒಂದೊಂದು ಬಿಸ್ಕತ್ತಿನಲ್ಲಿ ಸುಮಾರು 3 ಗ್ರಾಂ ಇರುತ್ತದೆ. ಬೆಲ್ಲವೂ ಕಬ್ಬಿನ ಸಕ್ಕರೆಯೇ ಆಗಿರುವುದರಿಂದ, ಹೆಸರು ಬದಲಾದ ಮಾತ್ರಕ್ಕೆ ಡಬ್ಬವನ್ನು ಅವರ ಪಕ್ಕಕ್ಕೆ ಸರಿಸಬೇಡಿ. ಒಂದೋ ಎರಡೋ ಕೊಟ್ಟು, ಅವರ ವೈದ್ಯರು ಹೇಳಿದ ಲೆಕ್ಕದೊಳಗೆ ಸೇರಿಸಿಕೊಳ್ಳಿ.

ಪೂರ್ತಿ ಆರಿದ ನಂತರವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ತುಂಬಬೇಕು. ಬೇಸಿಗೆಯಲ್ಲಿ ಹತ್ತು ದಿನ ಉಳಿಯುವುದು ಪುಷ್ಯ ಮಳೆಯಲ್ಲಿ ನಾಲ್ಕು ದಿನವೂ ಗರಿಗರಿಯಾಗಿರುವುದಿಲ್ಲ, ಆದ್ದರಿಂದ ಆಗ ಅರ್ಧ ಅಳತೆಯಲ್ಲಿ ಮಾಡುತ್ತೇನೆ. ಮೆತ್ತಗಾದವನ್ನು 120 ಡಿಗ್ರಿಯಲ್ಲಿ ಎಂಟು ನಿಮಿಷ ಮತ್ತೆ ಕಾಯಿಸಿದರೆ ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ಆ ಡಬ್ಬದ ಜಾಗ ಸೌದೆ ಒಲೆಯ ಪಕ್ಕದ ಗೋಡೆಯ ಗೂಡು, ಹಪ್ಪಳದ ಡಬ್ಬದ ಜೊತೆಗೆ.